ಬೋರಲು ಮಲಗಿದ ಬೇಸಿಗೆ

ಪ್ರತಿ ವರ್ಷ ಶಿವರಾತ್ರಿ ಮುಗಿದ ಮೇಲೆ ರಾಯಚೂರಿನ ನಮ್ಮ ಓಣಿಗೆ ಕೂಲರ್‌ಗೆ ಹುಲ್ಲು ಕಟ್ಟುವವನು ಸೈಕಲ್ ತಳ್ಳಿಕೊಂಡು ಬರುತ್ತಾನೆ. ಹಳೆಯ ಹುಲ್ಲು ಕಿತ್ತು ಹೊಸದನ್ನು ಜಾಳಿಗೆಯಲ್ಲಿ ತುಂಬಿ, ಒಂದು ತಂಬಿಗೆ ನೀರು ಸುರಿದು ತೋರಿಸುತ್ತಾನೆ. ನೀರು ಬಿದ್ದ ಕೂಡಲೇ ಏಳುವ ಆ ವಾಸನೆಗೆ ಓಣಿಯ ಹೆಂಗಸರೆಲ್ಲ ‘ಆಹಾ’ ಎನ್ನುತ್ತಾರೆ. ನನ್ನ ಬಾಯಿಂದ ಮಾತ್ರ ಅದು ಬರುವುದಿಲ್ಲ. ಆ ವಾಸನೆ ಮೂಗಿಗೆ ಬಿದ್ದರೆ ನಮ್ಮವರ ಕುತ್ತಿಗೆಯ ಹಿಂಭಾಗ ಕಣ್ಣಿಗೆ ಬರುತ್ತದೆ. ಆ ಬೇಸಿಗೆಯಲ್ಲಿ ನಾನು ಅವರ ಮುಖಕ್ಕಿಂತ ಕುತ್ತಿಗೆಯನ್ನೇ ಹೆಚ್ಚು ನೋಡಿದ್ದು.

ನಮ್ಮವರು ಒಂದು ಸಹಕಾರಿ ಸಂಸ್ಥೆಯ ಮುಖ್ಯ ಕಚೇರಿಯಲ್ಲಿ ವರದಿ ಮಾಡುವ ಕೆಲಸದಲ್ಲಿದ್ದರು. ಹಳ್ಳಿಯ ಹೆಣ್ಣುಮಕ್ಕಳು ಹತ್ತಿಪ್ಪತ್ತು ಜನ ಕೂಡಿ ಗುಂಪು ಕಟ್ಟುತ್ತಾರಲ್ಲ, ಅಂಥ ಗುಂಪುಗಳಿಗೆ ಸಾಲ ಕೊಡುವ ಸಂಸ್ಥೆ ಅದು. ಮಾನ್ವಿ, ಸಿರವಾರ, ದೇವದುರ್ಗದಲ್ಲಿ ಶಾಖೆಗಳು. ಅಲ್ಲಿಯವರು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಬರೆದದ್ದೆಲ್ಲ ರಾಯಚೂರಿಗೆ ಹರಿದು ಬಂದು, ಇವರ ಸಾಫ್ಟ್‌ವೇರಿನಲ್ಲಿ ಒಂದು ವರದಿಯಾಗಿ ಕೂಡುತ್ತಿತ್ತು. ವರ್ಷ ಮುಗಿದಾಗ ಅದು ಮೇಲಿನ ಬ್ಯಾಂಕಿಗೆ ಹೋಗಬೇಕು. ಬ್ಯಾಂಕಿನವರು ಸಂಸ್ಥೆಗೆ ಹಣ ಕೊಡುತ್ತಿದ್ದದ್ದೇ ಆ ವರದಿಯಲ್ಲಿ ಎಷ್ಟು ಗುಂಪುಗಳಿವೆ ಎಂದು ನೋಡಿ.

ಆ ವರ್ಷ ವರದಿ ಹೋಯಿತು, ಹಣವೂ ಬಂತು. ಅದರ ಹಿಂದೆಯೇ ಇವರ ಬಲಗಣ್ಣಿನ ಮುಂದೆ ಕರೀ ಪರದೆ ಇಳಿಯತೊಡಗಿತು. ಹೈದರಾಬಾದಿಗೆ ಓಡಿದೆವು. ಕಣ್ಣಿನ ಹಿಂದಿನ ಪದರ ಕಿತ್ತು ಬಂದಿದೆ ಎಂದರು, ಅಂದೇ ಆಪರೇಷನ್ ಮಾಡಿದರು. ಸಕಾಲಕ್ಕೆ ತಲುಪಿದೆವಲ್ಲ, ಅದು ಎಲ್ಲಮ್ಮ ತಾಯಿಯ ಕೃಪೆ. ಆದರೆ ಡಾಕ್ಟರು ಕೊನೆಗೆ ಹೇಳಿದ ಮಾತು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ‘ಕಣ್ಣಿನೊಳಗೆ ಗಾಳಿ ತುಂಬಿದ್ದೇವೆ. ಅದು ಮೇಲಕ್ಕೆ ಏರಿ ಪದರವನ್ನು ಒತ್ತಿ ಹಿಡಿಯಬೇಕು. ಹದಿನೈದು ದಿನ ಮುಖ ಕೆಳಗೆ ಮಾಡಿಯೇ ಇರಬೇಕು. ಊಟ, ನಿದ್ದೆ, ಮಾತು, ಎಲ್ಲ ಹಾಗೆಯೇ.’ ಅವರ ಇನ್ನೊಂದು ಕಣ್ಣು ಚಿಕ್ಕಂದಿನಿಂದಲೂ ಮಂದ. ಈ ಕಣ್ಣು ಹೋದರೆ ಹೋಯಿತು.

ಮನೆಗೆ ಕರೆತಂದು ಬೋರಲು ಮಲಗಿಸಿದೆ. ಮಂಚದ ತುದಿಗೆ ದಿಂಬು ಒಟ್ಟಿ, ಹಣೆ ಅದರ ಮೇಲೆ, ಮೂಗು ಬಾಯಿ ನೆಲದ ಕಡೆಗೆ. ಅವರು ಮಾತಾಡಿದರೆ ದನಿ ಮಂಚದ ಕೆಳಗಿನಿಂದ ಬರುತ್ತಿತ್ತು. ಮೊದಲ ದಿನ ನಾನೂ ನೆಲದ ಮೇಲೆ ಅಂಗಾತ ಮಲಗಿ ಅವರ ಮುಖ ನೋಡಿದೆ.

“ಏನ ಬೇ, ನೆಲಾ ವರಸಾಕತ್ತಿಯೇನು?” ಎಂದರು.

“ನಿಮ್ಮ ಮಾರಿ ಮರ್ತು ಹೋಗಬಾರ್ದಂತ ನೋಡಾಕತ್ತೀನ್ರಿ” ಎಂದೆ. ಇಬ್ಬರೂ ನಕ್ಕೆವು. ಆ ಬೇಸಿಗೆಯಲ್ಲಿ ನಾವು ಹೆದರದೆ ನಕ್ಕದ್ದು ಅದೇ ಕೊನೆ.

ಮರುದಿನ, ಆ ವರ್ಷ ಕಟ್ಟಿಸದೆ ಉಳಿದಿದ್ದ ಕೂಲರಿಗೆ ಹೊಸ ಹುಲ್ಲು ಕಟ್ಟಿಸಿ ನೀರು ಹಾಕುತ್ತಿದ್ದೆ, ಖಾಜಾಸಾಬರು ಬಂದರು. ಕಚೇರಿಯಲ್ಲಿ ನಮ್ಮವರ ಪಕ್ಕದ ಕುರ್ಚಿಯಲ್ಲಿ ಕೂಡುವವರು, ನಮ್ಮ ಮನೆಯ ಹೋಳಿಗೆ ತಿಂದವರು. ಕೈಯಲ್ಲಿ ಕಚೇರಿಯ ಲ್ಯಾಪ್‌ಟಾಪು. ಚಪ್ಪಲಿ ಬಿಡುವುದಕ್ಕೂ ಹೊತ್ತು ತೆಗೆದುಕೊಂಡರು.

“ಭಾಬೀ, ಬಸಣ್ಣಗ ಹೇಳೂದೋ ಬ್ಯಾಡೋ ಗೊತ್ತಾಗವಲ್ದು. ಪರೇಶಾನಿ ಬಂದದ.”

“ಹೇಳೋ ಖಾಜಾ,” ಎಂದಿತು ಮಂಚದ ಕೆಳಗಿನ ದನಿ. “ಕಿವಿ ಆಪರೇಷನ್ ಆಗಿಲ್ಲ.”

ಮೇಲಿನ ಬ್ಯಾಂಕಿನವರು ತಪಾಸಣೆಗೆ ದೇವದುರ್ಗದ ಹಳ್ಳಿಯೊಂದಕ್ಕೆ ಹೋಗಿದ್ದರಂತೆ. ವರದಿಯಲ್ಲಿದ್ದ ಗುಂಪನ್ನು ಕೇಳಿದರೆ, ‘ಅದು ಒಡದು ಯಾ ಕಾಲ ಆತ್ರೀ’ ಎಂದರಂತೆ ಅಲ್ಲಿಯ ಹೆಂಗಸರು. ಇನ್ನೊಂದು ಹಳ್ಳಿಯಲ್ಲೂ ಅದೇ ಕಥೆ. ಇಲ್ಲದ ಗುಂಪುಗಳನ್ನು ತೋರಿಸಿ ಹೆಚ್ಚು ಹಣ ಪಡೆದಿದ್ದೀರಿ, ಇದು ಮೋಸ ಎಂದು ಬರೆದಿದ್ದರು. ವರದಿಯ ಕೆಳಗೆ ಇದ್ದದ್ದು ನಮ್ಮವರ ಹೆಸರು. ಸೋಮವಾರದೊಳಗೆ ಲಿಖಿತ ಉತ್ತರ ಬರದಿದ್ದರೆ ಪೊಲೀಸರಿಗೆ ದೂರು ಕೊಡಬೇಕಾಗುತ್ತದೆ ಎಂದು ಮ್ಯಾನೇಜರರು ಹೇಳಿ, ಮನೆಯಲ್ಲೇ ನೋಡಲಿ ಎಂದು ಲ್ಯಾಪ್‌ಟಾಪು ಕಳಿಸಿದ್ದರು.

ಪೊಲೀಸ್ ಎಂಬ ಮಾತು ಕೇಳಿ ನನ್ನ ಕೈಯ ತಂಬಿಗೆ ಜಾರಿತು. ನೀರೆಲ್ಲ ನಡುಮನೆಯಲ್ಲಿ ಹರಿಯಿತು. ಇವರು ತಲೆ ಎತ್ತಲು ಹೋದರು. “ಏಳಬ್ಯಾಡ್ರಿ!” ಎಂದು ನಾನು ಕಿರುಚಿದೆ. ಕಣ್ಣು ಹೋಗುವ ಭಯ ಒಂದು ಕಡೆ, ಮಾನ ಹೋಗುವ ಭಯ ಇನ್ನೊಂದು ಕಡೆ.

“ಆ ಅಂಕಿ ಎಲ್ಲಿಂದ ಬಂತಂತ ಜಾಡು ಹಿಡಿದು ನೋಡಬೇಕು,” ಎಂದರು ನಮ್ಮವರು. “ಖಾಜಾ, ನೀನ ನೋಡಿ ಹೇಳು.”

ಖಾಜಾಸಾಬರು ನನ್ನ ಮುಖ ನೋಡಿದರು. “ನಾ ಕೈ ಹಚ್ಚಿದ್ರ ನಾಳೆ ನಾನ ಏನೋ ತಿದ್ದೀನಿ ಅಂತಾರಪ್ಪ. ಮೂರು ಮಕ್ಕಳು ಅದಾವ ನನಗ.” ಹಾಗೆ ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು. ನಾನು ಅವರನ್ನು ಬೈದುಕೊಳ್ಳಲಿಲ್ಲ. ಲ್ಯಾಪ್‌ಟಾಪು ತಂದುಕೊಟ್ಟರಲ್ಲ, ಅಷ್ಟಾದರೂ ಆಯಿತು.

ಹೀಗೆ ಅದರ ಮುಂದೆ ನಾನು ಕೂತೆ. ಮಾನ್ವಿಯಲ್ಲಿ ಪಿಯುಸಿವರೆಗೆ ಓದಿದವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತೇನೆ, ಓಡಿಸಿ ಓದಲಾರೆ. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ನೀರಮಾನ್ವಿಯ ಎಲ್ಲಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ. ನನ್ನ ತವರಿನ ದೇವತೆ ಆಕೆ. ತಾಯೀ, ನನ್ನ ಬೆರಳು ತಪ್ಪು ಕಡೆ ಬೀಳದಂತೆ ನೋಡು ಎಂದೆ.

“ನೋಡಿದ್ರ ಏನೂ ಆಗಂಗಿಲ್ಲ. ತಿದ್ದಿದ್ರ ಮಾತ್ರ ನನ್ನ ಹೆಸರಿಲೆ ಗುರುತು ಉಳೀತದ,” ಎಂದರು ಅವರು. “ನಾ ಹೇಳಿದಲ್ಲಿ ಅಷ್ಟ ಒತ್ತು.”

ಆ ಸಾಫ್ಟ್‌ವೇರಿನಲ್ಲಿ ಅಂಕಿಗಳ ಹಿಂದೆ ಇನ್ನೊಂದು ಲೋಕವಿತ್ತು. ಯಾವುದೇ ಅಂಕಿಯನ್ನು ಒತ್ತಿದರೆ ಅದು ಯಾವ ಪಟ್ಟಿಯಿಂದ ಬಂತು, ಆ ಪಟ್ಟಿಗೆ ಯಾವ ಶಾಖೆಯಿಂದ ಬಂತು, ದಾರಿಯಲ್ಲಿ ಯಾವ ನಿಯಮ ದಾಟಿತು, ಆ ನಿಯಮ ಮಾಡಿದವರು ಯಾರು, ಕಡೆಗೆ ಮುಟ್ಟಿದವರು ಯಾರು ಎಲ್ಲ ಬರುತ್ತಿತ್ತು. ಅದಕ್ಕೆ ಅವರು ಮೆಟಾಡೇಟಾ ಎನ್ನುತ್ತಿದ್ದರು. ಮೊದಲು ನನಗೆ ತಲೆಬುಡ ತಿಳಿಯಲಿಲ್ಲ. ಆಮೇಲೆ, ಸ್ಟೀಲ್ ಪಾತ್ರೆಗಳ ಮೇಲೆ ಹೆಸರು ಹೊಡೆಸಿರುತ್ತೇವಲ್ಲ, ಇದು ಹಾಗೇ ಅಲ್ಲವೇ ಅನ್ನಿಸಿತು. ಯಾರು ಕೊಟ್ಟರು, ಯಾರ ಮದುವೆಗೆ ಕೊಟ್ಟರು ಎಂದು. ಪಾತ್ರೆಯೊಳಗಿನ ಸಾರಿಗೂ ಆ ಹೆಸರಿಗೂ ಸಂಬಂಧವಿಲ್ಲ. ಆದರೆ ಹಬ್ಬದಲ್ಲಿ ನಾಲ್ಕು ಮನೆಯ ಪಾತ್ರೆ ಕಲೆತಾಗ ತಿರುವಿ ಹಾಕಿ ಆ ಹೆಸರನ್ನೇ ಓದುತ್ತೇವೆ. ಇವರಿಗೆ ಹೇಳಿದೆ.

“ಹಂಗ ತಿಳಿ,” ಎಂದರು. “ಈಗ ದೇವದುರ್ಗದ ಪಾತ್ರಿ ತಿರುವಿ ಹಾಕು.”

ಮಧ್ಯಾಹ್ನದ ಬಿಸಿಲು ಕಿಟಕಿಯ ಮೇಲೆ ಕುದಿಯುತ್ತಿತ್ತು. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಕೂಲರ್ ನಿಂತಾಗ ಅವರ ಬೆನ್ನಿನ ಮೇಲೆ ಬೆವರು ಹನಿಯಾಗಿ ನಿಲ್ಲುತ್ತಿತ್ತು. ಒಂದು ಕೈಯಲ್ಲಿ ಬೀಸಣಿಗೆ ಬೀಸುತ್ತ, ಇನ್ನೊಂದು ಕೈಯಿಂದ ಒತ್ತುತ್ತ, ಕಂಡದ್ದನ್ನು ಓದಿ ಹೇಳುತ್ತ ಹೋದೆ. ವರದಿಯ ಅಂಕಿಯಿಂದ ರಾಯಚೂರಿನ ಒಟ್ಟು ಪಟ್ಟಿಗೆ. ಅಲ್ಲಿಂದ ನಿಯಮಕ್ಕೆ. ‘ಮುಚ್ಚಿದೆ’ ಎಂದು ಬರೆಯದ ಗುಂಪುಗಳನ್ನೆಲ್ಲ ನಡೆಯುತ್ತಿರುವ ಗುಂಪೆಂದು ಎಣಿಸು, ಇಷ್ಟೇ ಆ ನಿಯಮ. ಅದರ ಕೆಳಗೆ ಮಾಡಿದವರ ಹೆಸರು.

ಓದಿಕೊಂಡೆ. ಬೀಸಣಿಗೆ ನಿಂತಿತು.

“ಯಾರದು ಹೆಸರು?” ಎಂದರು.

ಸುಳ್ಳು ಹೇಳಬೇಕೆನಿಸಿತು. ದೇವರ ಮುಂದೆ ದೀಪ ಉರಿಯುತ್ತಿತ್ತು. “ನಿಮ್ದ ರೀ” ಎಂದೆ.

ಅವರ ಕುತ್ತಿಗೆ ನೋಡುತ್ತ ಕೂತೆ. ಮುಖ ಕಂಡಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ. ಇವರೇ ಮಾಡಿದ್ದಾರೆಯೇ ಎಂಬ ವಿಚಾರ ಒಂದು ಗಳಿಗೆ ಬಂದು ಹೋಯಿತು. ಆ ಒಂದು ಗಳಿಗೆಯಷ್ಟು ಭಯ ನನ್ನ ಜನ್ಮದಲ್ಲಿ ಪಟ್ಟಿಲ್ಲ.

“ನಾನ ಮಾಡಿದ್ದು,” ಎಂದರು ಕಡೆಗೆ. “ಸಾಫ್ಟ್‌ವೇರ್ ತಂದ ವರ್ಷ. ಅದರಾಗ ತಪ್ಪೇನಿತ್ತು? ಮುಚ್ಚಿಲ್ಲಂದ್ರ ನಡದಾದ. ಇನ್ನೂ ಕೆಳಗ ಇಳಿ.”

ಕೆಳಗೆ ಇಳಿದೆ. ಗುಂಪಿನ ಸ್ಥಿತಿ ಬರೆಯುವ ಚೌಕದ ಮನೆಯಲ್ಲಿ ಎರಡೇ ಮಾತಿಗೆ ಜಾಗ, ‘ತೆರೆದಿದೆ’ ಮತ್ತು ‘ಮುಚ್ಚಿದೆ’. ಅದರ ಪಕ್ಕದಲ್ಲಿ ವಿವರಣೆ ಬರೆಯುವ ಜಾಗ ಖಾಲಿ. ಮಾನ್ವಿಯವರು ಎಷ್ಟೋ ಗುಂಪು ಮುಚ್ಚಿದ್ದರು, ಸಿರವಾರದವರೂ ಮುಚ್ಚಿದ್ದರು. ದೇವದುರ್ಗದಲ್ಲಿ ಕೆಲ ವರ್ಷಗಳಿಂದ ಒಂದನ್ನೂ ಮುಚ್ಚಿರಲಿಲ್ಲ. ಅಲ್ಲಿಯ ಎಲ್ಲ ಗುಂಪಿಗೂ ಬರೆದವರ ಹೆಸರು ಒಂದೇ, ಆ ಶಾಖೆಯ ಈರಮ್ಮ. ಗುಂಪಿನ ಹೆಸರು ಓದು ಎಂದರು. ಓದಿದೆ. ದುರ್ಗಮ್ಮ, ಹುಲಿಗೆಮ್ಮ, ಮಾರೆಮ್ಮ. ಮೇಲಕ್ಕೆ ಸರಿಸಿದರೆ ಎಲ್ಲಮ್ಮ. ತಾಯಿಯ ಹೆಸರು ಅಲ್ಲಿ ಕಂಡು ನನ್ನ ಬೆರಳು ತಾನಾಗಿಯೇ ಹಿಂದೆ ಬಂತು.

“ಫೋನ್ ಹಚ್ಚಲೇನ್ರಿ ಆಕಿಗೆ?”

“ಬ್ಯಾಡ. ಹೆದರಿ ಏನರ ತಿದ್ದಿದಳು ಅಂದ್ರ ಮುಗೀತು. ತಿದ್ದಿದ ದಿನಾನೂ ಅದರಾಗ ಬೀಳ್ತದ. ಮುಚ್ಚಿ ಹಾಕಾಕ ಹೋಗ್ಯಾರ ಅಂತಾರ.” ಅವರೇ ಹೇಳಿದರು, “ಯಾರರ ಹೋಗಿ ಎದುರಿಗೆ ಕುಂತು ಕೇಳಬೇಕು.”

ಗಿಲ್ಲೆಸುಗೂರಿನಿಂದ ನಾದಿನಿಯನ್ನು ಕರೆಸಿ ಅವರ ಹತ್ತಿರ ಕೂರಿಸಿದೆ. “ನೀ ಹೋಗು ವೈನಿ, ಇಂವ ತಲಿ ಎತ್ತಿದ್ರ ಕುಂಡಿ ಮ್ಯಾಲೆ ಹೊಡೀತೀನಿ” ಎಂದಳು ಅವಳು. ಮರುದಿನ ಬೆಳಗಿನ ಬಸ್ಸಿಗೆ ದೇವದುರ್ಗಕ್ಕೆ ಹೊರಟೆ. ಬಸ್ಸಿನ ಕಿಟಕಿಯ ಸಲಾಖೆ ಸುಡುತ್ತಿತ್ತು. ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಗಟ್ಟಿ ಮಾಡಿಕೊಂಡೆ. ಯಾಕಮ್ಮಾ, ನಿನ್ನಿಂದ ನನ್ನ ಗಂಡ ಜೈಲು ನೋಡಬೇಕೇನು? ಹೀಗೇ ಕೇಳಬೇಕು ಎಂದುಕೊಂಡಿದ್ದೆ.

ಈರಮ್ಮ ಇಪ್ಪತ್ತೈದರ ಹುಡುಗಿ. ಕೂಲಿ ಮಾಡುವವರ ಮನೆಯಲ್ಲಿ ಓದಿ ಕೆಲಸಕ್ಕೆ ಸೇರಿದ ಮೊದಲನೆಯವಳು, ಅದೂ ಗುತ್ತಿಗೆಯ ಮೇಲೆ. ನಾನು ಯಾರೆಂದು ತಿಳಿದ ಕೂಡಲೇ ಎದ್ದು ನಿಂತು ತನ್ನ ಕುರ್ಚಿ ಕೊಟ್ಟಳು.

“ಬರ್ರಿ ಯಕ್ಕಾ, ಫ್ಯಾನಿನ ಕೆಳಗ ಕುಂದರ್ರಿ. ಸರ್ ಕಣ್ಣು ಹೆಂಗದಾವ್ರೀ? ಇಲ್ಲಿ ಗುಡ್ಯಾಗ ಅವರ ಹೆಸರಿಲೆ ಕಾಯಿ ಒಡಸೀನ್ರಿ.”

ನಾನು ಗಟ್ಟಿ ಮಾಡಿಕೊಂಡಿದ್ದ ಮಾತು ಅಲ್ಲಿಯೇ ಕರಗಿತು. ವಿಷಯ ಹೇಳಿದೆ.

“ಒಡದ ಗುಂಪು ಯಾಕ ಮುಚ್ಚಿಲ್ಲವ್ವಾ?”

“ಹೆಂಗ ಮುಚ್ಚಲಿ ಯಕ್ಕಾ? ಗುಂಪು ಒಡದ ದಿನ ಹೆಣ್ಮಕ್ಕಳು ಬರ್ತಾರ. ‘ಯವ್ವಾ, ತಾಯಿ ಹೆಸರು ಇಟ್ಟೀವಿ, ಮುಚ್ಚಿದೆವು ಅಂತ ಬರೀಬ್ಯಾಡ, ಮನ್ಯಾಗ ಕೂಸು ಕುನ್ನಿ ಅದಾವ’ ಅಂತಾರ. ಹೊಸಾ ಹೆಸರಿಲೆ ಬ್ಯಾರೆ ಗುಂಪು ಮಾಡ್ಕೋತಾರ. ಹಳೇದು ಹಂಗ ಬಿಡ್ತೀನಿ. ದೀಪ ಹಚ್ಚಿದಾಕಿ ಕೈಲೆ ದೀಪ ಆರಸಾಕ ಬರ್ತದೇನ್ರಿ? ನನಗಿಂತ ಮದ್ಲ ಇದ್ದ ಸರ್ ಒಂದು ಮಾರೆಮ್ಮನ ಗುಂಪು ಮುಚ್ಚಿದ್ರಂತ. ವಾರದಾಗ ಅವರ ಅತ್ತಿ ಹೋಗಿಬಿಟ್ಟಳು.”

“ಎಷ್ಟು ವಯಸ್ಸಾಗಿತ್ತು ಆಕಿಗೆ?”

“ತೊಂಬತ್ತು ದಾಟಿತ್ತಂತ್ರಿ. ಆದ್ರೂ, ಯಕ್ಕಾ!”

ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ. ಅವತ್ತು ನಗು ಬರಲಿಲ್ಲ. ಅವಳನ್ನು ಬೈಯುವ ಬಾಯಿಯೂ ನನಗಿರಲಿಲ್ಲ. ನಮ್ಮ ಮನೆಯಲ್ಲಿ ಡಬ್ಬಿ ತಳ ಕಂಡರೂ ಅಕ್ಕಿ ಇಲ್ಲ ಎಂದು ನಾನು ಇಂದಿಗೂ ಬಾಯಿಬಿಟ್ಟು ಹೇಳುವವಳಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

“ಆ ಹೆಸರಿನ್ಯಾಗ ಯಾರರ ಸಾಲ ಎತ್ಯಾರೇನು?”

“ತಾಯಿ ಆಣಿ, ಒಂದು ರೂಪಾಯಿ ಇಲ್ರಿ. ಬರೇ ಹೆಸರು ಅಷ್ಟ.” ಅಷ್ಟರಲ್ಲಿ ಅವಳಿಗೆ ಪೂರ್ತಿ ಅರ್ಥವಾಗಿತ್ತು. “ಯಕ್ಕಾ, ನನ್ನ ಜೈಲಿಗೆ ಹಾಕ್ತಾರೇನ್ರಿ? ತಡೀರಿ, ಈಗ ಎಲ್ಲಾ ಮುಚ್ಚಿಬಿಡ್ತೀನಿ. ತಾಯಿ ಸಿಟ್ಟು ನನಗ ಬರಲಿ.” ಕಂಪ್ಯೂಟರಿನ ಕಡೆ ತಿರುಗಿದಳು. ಬೆರಳು ಇಟ್ಟೇಬಿಟ್ಟಳು.

ನಾನು ಅವಳ ಮುಂಗೈ ಹಿಡಿದೆ. “ಮುಟ್ಟಬ್ಯಾಡ ತಂಗಿ. ಇವತ್ತಿನ ದಿನ, ನಿನ್ನ ಹೆಸರು, ಎರಡೂ ಅದರಾಗ ಕುಂದರ್ತಾವ. ಇದ್ದದ್ದು ಇದ್ದಂಗ ಇರಲಿ. ಅದ ನಮ್ಮನ್ನ ಕಾಯ್ತದ.”

ಹಾಗೆ ಹೇಳಿದೆನೇ ಹೊರತು ಕಾಯುತ್ತದೆ ಎಂಬ ನಂಬಿಕೆ ನನಗೂ ಇರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಭಯ ಇಮ್ಮಡಿಯಾಯಿತು. ಹೋಗುವಾಗ ಒಬ್ಬರಿಗಾಗಿ ಹೆದರಿದ್ದೆ, ಬರುವಾಗ ಇಬ್ಬರಿಗಾಗಿ. ಈರಮ್ಮನ ಹೆಸರು ಹೇಳಿದರೆ ನಮ್ಮವರು ಉಳಿಯುತ್ತಾರೆ, ಅವಳು ಹೋಗುತ್ತಾಳೆ. ಹೇಳದಿದ್ದರೂ ಅದು ಜಾಡಿನಲ್ಲಿ ಇದ್ದೇ ಇದೆ.

ಮನೆಗೆ ಬಂದು ಎಲ್ಲ ಹೇಳಿದೆ. ನಾದಿನಿ ನಡುವೆ ಎದ್ದು ಹೋಗಿ ನನಗೆ ಮಜ್ಜಿಗೆ ಕೊಟ್ಟಳು.

“ಹಾಳಿ ತಗೊ, ಬರಿ,” ಎಂದರು ನಮ್ಮವರು. “ನಿಯಮ ನಾನು ಮಾಡೀನಿ. ಎರಡ ಮನಿ ಇಟ್ಟೆ, ತೆರದದ್ದು ಮುಚ್ಚಿದ್ದು. ಯಾಕ ಹಂಗ ಇಟ್ಟೀನಿ, ಏನು ತುಂಬಬೇಕು ಅಂತ ವಿವರಣೆ ಒಂದು ಸಾಲು ಬರೀಲಿಲ್ಲ. ಅದನ್ನ ಮದ್ಲು ಬರಿ. ಆಮ್ಯಾಲೆ ಹೆಣ್ಮಕ್ಕಳ ರೂಢಿ ಬರಿ. ಕಡೀಗೆ ಆ ಹುಡುಗಿ.”

“ಮದ್ಲು ನಿಮ್ಮ ಹೆಸರಾ?” ಎಂದೆ.

“ಜಾಡು ಹಿಡಿದಾಗ ಮದ್ಲು ಯಾರ ಹೆಸರು ಬಂತು?”

ಬರೆದೆ.

ಸೋಮವಾರ ಉಪವಾಸವಿದ್ದು, ಬರೆದದ್ದನ್ನೂ ಜಾಡಿನ ಪುಟಗಳ ಪ್ರಿಂಟನ್ನೂ ಹಿಡಿದು ಮ್ಯಾನೇಜರರ ಮುಂದೆ ನಿಂತೆ. ಖಾಜಾಸಾಬರು ಕರೆಯದಿದ್ದರೂ ನನ್ನ ಜೊತೆ ಒಳಗೆ ಬಂದರು. ಮ್ಯಾನೇಜರರು ಓದಿ ಕನ್ನಡಕ ತೆಗೆದರು.

“ಇದನ್ನ ಮ್ಯಾಲಿನವ್ರಿಗೆ ಹೆಂಗ ಹೇಳಲಿ ತಾಯಿ? ದೇವ್ರಿಗೆ ಹೆದರಿ ಗುಂಪು ಮುಚ್ಚಲಿಲ್ಲ ಅಂತ ಬರೀಲೇನು? ನಗತಾರ.”

ಖಾಜಾಸಾಬರು ಕೆಮ್ಮಿದರು. “ಸಾಹೇಬ್ರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಗಾಡಿಗೆ ಕಟ್ಟಿದ ನಿಂಬಿಹಣ್ಣು ಒಣಗಿ ಕಲ್ಲಾಗ್ಯದ. ಹೋದ ವಾರ ನಾ ಬಿಚ್ಚಾಕ ಹೋದ್ರ ನೀವ ನನ್ನ ಕೈ ಹಿಡಿದ್ರಿ.”

ಅಯ್ಯೋ, ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು. ಕಣ್ಣು ತೆರೆದಾಗ ಮ್ಯಾನೇಜರರು ಕಿಟಕಿಯಾಚೆ ನಿಂತ ತಮ್ಮ ಗಾಡಿಯ ಕಡೆ ನೋಡುತ್ತಿದ್ದರು. “ಖಾಜಾ, ನಿನ್ನ ನಾಲಿಗಿ ಒಂದಿನ ನಿನ್ನ ಕೆಲಸ ತಿಂತದ” ಎಂದು, ಹಾಳೆಗಳಿಗೆ ಪಿನ್ನು ಹೊಡೆದು, ಹಾಗೆಯೇ ಮೇಲಕ್ಕೆ ಕಳಿಸಿದರು.

ಆಮೇಲೆ ಕಾಯುವ ದಿನಗಳು ಬಂದವು. ನಿಜವಾದ ಭಯ ಅದೇ. ಓಣಿಯಲ್ಲಿ ಮೋಟರ್ ಸೈಕಲ್ ನಿಂತರೆ ಕಿಟಕಿಯಿಂದ ಇಣುಕುತ್ತಿದ್ದೆ. ಖಾಕಿ ಬಣ್ಣ ಕಂಡರೆ ಒಳಗೆ ಓಡುತ್ತಿದ್ದೆ. ಒಂದು ಸಲ ಗ್ಯಾಸ್ ಸಿಲಿಂಡರ್ ತಂದವನನ್ನು ಬಾಗಿಲಲ್ಲೇ ನಿಲ್ಲಿಸಿ, ಯಾರು ಕಳಿಸಿದ್ದು ಎಂದು ಎರಡೆರಡು ಸಲ ಕೇಳಿದೆ. ಅವನು ಪಾಪ, ತನ್ನಿಂದ ಏನು ತಪ್ಪಾಯಿತೋ ಎಂದು ಹೆದರಿ ಹೋದ. ಅವರು ಬೋರಲು ಇರುವ ದಿನಗಳು ಮುಗಿದು ಎದ್ದು ಕೂತರು. ಕಣ್ಣು ಉಳಿದಿತ್ತು. ಬಾಗಿಲ ಚೌಕಟ್ಟು ಸ್ವಲ್ಪ ಬಾಗಿದಂತೆ ಕಾಣುತ್ತದೆ ಎಂದರು. ಬಾಗಿದರೂ ಕಾಣುತ್ತದಲ್ಲ ಎಂದುಕೊಂಡೆ. ಈರಮ್ಮ ದಿನಾ ಸಂಜೆ ಫೋನ್ ಮಾಡಿ, “ಏನರ ಬಂತೇನ್ರಿ ಯಕ್ಕಾ?” ಎನ್ನುತ್ತಿದ್ದಳು. ಇಲ್ಲ ಎಂದರೆ ಸಮಾಧಾನವೋ ಸಂಕಟವೋ, ಇಬ್ಬರಿಗೂ ತಿಳಿಯುತ್ತಿರಲಿಲ್ಲ.

ಮೊದಲ ಮಳೆ ಬಿದ್ದ ವಾರ ಉತ್ತರ ಬಂತು. ಆ ಗುಂಪುಗಳ ಹೆಸರಿನಲ್ಲಿ ಸಾಲ ಎತ್ತಿಲ್ಲವೆಂದು ಖಚಿತಪಡಿಸಿಕೊಂಡಿದ್ದಾರೆ, ವರದಿ ತಿದ್ದಿ ಮತ್ತೆ ಕಳಿಸಿರಿ, ಹೆಚ್ಚಾಗಿ ಬಂದದ್ದನ್ನು ಸಂಸ್ಥೆ ಹಿಂದಿರುಗಿಸಲಿ. ನಮ್ಮವರಿಗೆ ಎಚ್ಚರಿಕೆಯ ಪತ್ರ ಒಂದು. ಈರಮ್ಮನ ಹೆಸರು ಎತ್ತಿರಲಿಲ್ಲ. ನಾನು ದೇವರ ಕೋಣೆಗೆ ಹೋಗಿ ಕೂತು ದೀಪ ಹಚ್ಚಿದೆ.

ಸಾಫ್ಟ್‌ವೇರಿನಲ್ಲಿ ಮೂರನೆಯ ಮಾತಿಗೆ ಜಾಗ ಮಾಡಬೇಕಾಯಿತು. ಈರಮ್ಮ ಫೋನಿನಲ್ಲಿ, “ಏನಂತ ಹೆಸರಿಡ್ತೀರಿ? ಹೆಣ್ಮಕ್ಕಳು ಒಪ್ಪಬೇಕ್ರಿ” ಎಂದಳು. ಇವರು ನನ್ನ ಕಡೆ ನೋಡಿದರು, ಈ ಸಲ ಮುಖ ಎತ್ತಿ.

“ಗುಡಿ ಬಾಗಿಲು ಹಾಕಿದ ಮ್ಯಾಲೆ ಹೋದ್ರ ಪೂಜಾರಿ ಏನಂತಾನ? ಮುಚ್ಚೇದ ಅಂತಾನೇನು? ದೇವ್ರು ಏಕಾಂತದಾಗ ಅದಾರ ಅಂತಾನ” ಎಂದೆ.

ಹಾಗೆಯೇ ಇಟ್ಟರು. ಖಾಲಿಯಾಗಿದ್ದ ವಿವರಣೆಯ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದರು. ನಾನು ಹೇಳಿದೆ, ಅವರು ಬರೆದರು: ‘ಏಕಾಂತ ಎಂದರೆ ಗುಂಪು ಈಗ ಕೂಡುವುದಿಲ್ಲ. ತಾಯಿಯ ಹೆಸರನ್ನು ಮುಚ್ಚಬಾರದೆಂದು ಹಾಗೆ ಇಟ್ಟಿದೆ. ಇದನ್ನು ಎಣಿಸಬೇಡಿರಿ. ಹೆದರಬೇಡಿರಿ.’ ಕೊನೆಯ ಮಾತು ವರದಿಗೆ ಬೇಕಿರಲಿಲ್ಲ. ಅವರು ತೆಗೆಯಲಿಲ್ಲ. ಅದನ್ನು ಬರೆದವರು ಯಾರು ಎಂದು ಒತ್ತಿದರೆ ಇವತ್ತಿಗೂ ಅವರ ಹೆಸರೇ ಬರುತ್ತದೆ. ನನ್ನ ತವರಿನ ಪಾತ್ರೆಗಳ ಮೇಲೆ ಅಪ್ಪನ ಹೆಸರಿದೆ, ಕೂಡಿಟ್ಟು ತಂದವಳು ಅವ್ವ. ಅಂಥದ್ದೇ ಇದು.

ಈ ವರ್ಷವೂ ಹುಲ್ಲಿನವನು ಬಂದಿದ್ದ. ತಂಬಿಗೆ ನೀರು ಸುರಿದ. ವಾಸನೆ ಎದ್ದಿತು. ಅವನಿಗೆ ದುಡ್ಡು ಕೊಡುವುದನ್ನೂ ಮರೆತು ನಾನು ಒಳಗೆ ಹೋಗಿ ಮಂಚದ ಕಡೆ ನೋಡಿದೆ. ನಮ್ಮವರು ಅಂಗಾತ ಮಲಗಿ ತಿರುಗುವ ಫ್ಯಾನು ನೋಡುತ್ತಿದ್ದರು.

“ಏನ ಬೇ?” ಎಂದರು.

“ಏನಿಲ್ರಿ,” ಎಂದೆ. “ಹಂಗ ಇರ್ರಿ.”